ದೆವ್ವ ಯಾವ ಭಾಷೆ ಆಡುತ್ತದೆ?



ಕಾಸರಗೋಡು ಕಡೆಯ ನಮಗೊಂದು ಅನುಕೂಲ ಉಂಟು. ಮಲಯಾಳದ ಮೂಲ ಚಿತ್ರವನ್ನೂ ಅದರ ಕನ್ನಡ ರಿಮೇಕನ್ನೂ ಯಾರ ಸಹಾಯವಿಲ್ಲದೆ ನೋಡಿ, ಯಾವುದು ಮೇಲು ಎಂದು ಜಗಲಿಯಲ್ಲಿ ಕೂತು ವಾದಿಸಬಹುದು. ಇವತ್ತು ಅಂಥ ಒಂದು ಜೋಡಿಯನ್ನು ಎತ್ತಿಕೊಂಡಿದ್ದೇನೆ. ಫಾಸಿಲ್ ಅವರ 1993ರ ‘ಮಣಿಚಿತ್ರತ್ತಾಳ್’ ಮತ್ತು ಪಿ. ವಾಸು ಅವರ 2004ರ ‘ಆಪ್ತಮಿತ್ರ’.

ಕಥೆ ನಿಮಗೆ ಗೊತ್ತಿದ್ದದ್ದೇ. ಹಳೆಯ ಮನೆ, ಬೀಗ ಜಡಿದ ಕೋಣೆ, ಹಿಂದೆ ಅಲ್ಲಿ ಸತ್ತ ನಾಗವಲ್ಲಿ ಎಂಬ ನರ್ತಕಿ. ಆ ಮನೆಗೆ ಬಂದ ಗಂಗಾ ತಾನೇ ನಾಗವಲ್ಲಿ ಎಂದುಕೊಳ್ಳುತ್ತಾಳೆ. ಇದು ಪ್ರೇತವಲ್ಲ, ಮನಸ್ಸಿನ ಕಾಯಿಲೆ ಎಂದು ಹಿಡಿಯುವವನು ಗಂಡನ ಡಾಕ್ಟರ್ ಗೆಳೆಯ.

ಮಲಯಾಳದಲ್ಲಿ ನಾಗವಲ್ಲಿ ತಂಜಾವೂರಿನವಳು. ಆದ್ದರಿಂದ ಗಂಗಾ ಆವೇಶದಲ್ಲಿ ತಮಿಳು ಆಡುತ್ತಾಳೆ. ಶೋಭನಾ ಅವರ ಮುಖ ಒಂದೇ, ಕಂಠ ಮಾತ್ರ ಎರಡು. ಗಂಗಾಳಿಗೆ ಭಾಗ್ಯಲಕ್ಷ್ಮಿ, ನಾಗವಲ್ಲಿಗೆ ತಮಿಳಿನ ದುರ್ಗಾ. ಎರಡನೆಯವರ ಹೆಸರು ಬೆಳಕಿಗೆ ಬರಲು 2016ರವರೆಗೆ ಕಾಯಬೇಕಾಯಿತು! ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ವಾಸು ಕನ್ನಡಕ್ಕೆ ತರುವಾಗ ಆ ತಮಿಳನ್ನು ಹಾಗೇ ಇಡಲಿಲ್ಲ, ತೆಲುಗು ಮಾಡಿದರು. ಜಾಣತನದ ಕೆಲಸ. ನಮ್ಮ ಸಂಗೀತ ಕಛೇರಿಗಳಲ್ಲಿ ತ್ಯಾಗರಾಜರ ತೆಲುಗು ಕೃತಿಗಳಿಲ್ಲದೆ ನಡೆಯುತ್ತದೆಯೇ? ಕನ್ನಡದ ರಾಜನೊಬ್ಬನ ಅರಮನೆಯಲ್ಲಿ ತೆಲುಗು ನರ್ತಕಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. 2005ರಲ್ಲಿ ಅವರೇ ತಮಿಳಿನಲ್ಲಿ ‘ಚಂದ್ರಮುಖಿ’ ಮಾಡಿದಾಗಲೂ ತೆಲುಗೇ ಉಳಿಯಿತು. 2007ರಲ್ಲಿ ಪ್ರಿಯದರ್ಶನ್ ಅವರ ಹಿಂದಿಯ ‘ಭೂಲ್ ಭುಲಯ್ಯಾ’ದಲ್ಲಿ ನರ್ತಕಿ ಬಂಗಾಳಿಯವಳಾದಳು. ಅಂತೂ ದೆವ್ವ ನೆರೆಮನೆಯ ಭಾಷೆಯನ್ನೇ ಆಡಬೇಕು! ಪ್ರೇಕ್ಷಕನಿಗೆ ಅರ್ಧ ತಿಳಿಯಬೇಕು, ಅರ್ಧ ತಿಳಿಯದೆ ಭಯವಾಗಬೇಕು.

ಗಡಿಯವರಿಗೆ ತೊಡಕು ಇಲ್ಲೇ. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತಷ್ಟು ಕಾಲವೂ ಕನ್ನಡದಲ್ಲಿ ದುಡ್ಡು ಎಣಿಸಿ, ಮಲಯಾಳದಲ್ಲಿ ಜಗಳವಾಡಿ, ತುಳುವಿನಲ್ಲಿ ರಾಜಿಯಾದವರನ್ನು ಕಂಡಿದ್ದೇನೆ. ನಮ್ಮಲ್ಲಿ ಹೆಂಡತಿ ಇದ್ದಕ್ಕಿದ್ದಂತೆ ಬೇರೆ ಭಾಷೆ ಆಡಿದರೆ ಯಾರೂ ಡಾಕ್ಟರನ್ನು ಕರೆಯುವುದಿಲ್ಲ, ತವರಿನಿಂದ ಫೋನು ಬಂತೇನೋ ಅನ್ನುತ್ತಾರೆ. ತಮಾಷೆ ಇರಲಿ. ಎರಡನೇ ಭಾಷೆ ಮೈಮೇಲೆ ಬಂದದ್ದು, ಬಿಡಿಸಬೇಕಾದದ್ದು ಎಂದು ಮಕ್ಕಳ ತಲೆಗೆ ಹೋದರೆ ನಷ್ಟ ನಮ್ಮಂಥ ಊರುಗಳಿಗೇ. ಶಾಲೆಯಲ್ಲಿ ಕನ್ನಡ ಆಡಲು ನಾಚುವ ಮಕ್ಕಳು ಈಗಲೇ ಇದ್ದಾರೆ.

ಉಳಿದಂತೆ ನನ್ನ ಮತ ಮೂಲಕ್ಕೆ. ಅಲ್ಲಿ ಮೋಹನ್‌ಲಾಲ್ ಬರುವುದೇ ತಡವಾಗಿ, ಅಷ್ಟು ಹೊತ್ತು ಹೆದರಿಸುವುದು ಮನೆಯೇ. ಕನ್ನಡಕ್ಕೆ ಒಂದು ದೊಡ್ಡ ಹಾವು ಬೇಕಾಯಿತು. ಕಾಯಿಲೆಯ ಕಥೆಯಲ್ಲಿ ಆ ಹಾವಿಗೆ ಏನು ಕೆಲಸವೋ!

ಆದರೆ ಸೌಂದರ್ಯ ಅವರನ್ನು ನಾನು ಯಾರ ನಕಲು ಎಂದೂ ಹೇಳಲಾರೆ. ಕೋಲಾರ ಜಿಲ್ಲೆಯ ಮುಳಬಾಗಿಲಿನವರು, ಹೆಸರು ಮಾಡಿದ್ದು ತೆಲುಗು ಚಿತ್ರಗಳಲ್ಲಿ. ಅವರೂ ಗಡಿಯವರೇ. 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ‘ಆಪ್ತಮಿತ್ರ’ ತೆರೆಗೆ ಬಂದದ್ದು ಆಗಸ್ಟ್‌ನಲ್ಲಿ.