ಮದುಮಗಳ ಮುಖ ಅವಳದೇ ಆಗಿರಲಿ



ನಮ್ಮ ಸಮಾವೇಶಗಳಲ್ಲಿ ವೀಸಾ, ತೆರಿಗೆ, ಮಕ್ಕಳ ಕನ್ನಡ ಕಲಿಕೆಯ ಮಾತು ಹೆಚ್ಚು. ಮದುಮಗಳ ಸಿಂಗಾರದ ಬಗ್ಗೆ ಮಾತಾಡಿ ಅಂದಾಗ ನನಗೇ ಸಂಕೋಚವಾಯಿತು. ವಾರದ ಐದು ದಿನ ನಾನು ವೃದ್ಧರ ಆರೈಕೆ ಕೇಂದ್ರದಲ್ಲಿ ದುಡಿಯುವವಳು. ಶನಿವಾರ, ಭಾನುವಾರ ಮದುಮಗಳಿಗೆ ಅಲಂಕಾರ ಮಾಡುತ್ತೇನೆ. ಮನೆಯವರ ಕೆಲಸದ ಜೊತೆ ಊರು ಬದಲಾಗಿ, ಹನ್ನೊಂದು ವರ್ಷದಲ್ಲಿ ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ನಗರಗಳಲ್ಲಿ ಇದೇ ಕೆಲಸ ಮಾಡಿದ್ದೇನೆ. ಕಂಡದ್ದನ್ನು ಹೇಳುತ್ತೇನೆ, ನನ್ನ ತಪ್ಪನ್ನೂ ಸೇರಿಸಿ.

ಮೊದಲು ಪರ್ತ್. ಅದು 2021. ದೇಶದ ಗಡಿ ಮುಚ್ಚಿತ್ತು. ಪಶ್ಚಿಮ ಆಸ್ಟ್ರೇಲಿಯಾದ ಬಾಗಿಲು ಪೂರ್ತಿ ತೆರೆದದ್ದು 2022ರ ಮಾರ್ಚ್ 3ರಂದು. ಮದುಮಗಳು ಪಿಲ್ಬರಾದ ಕಬ್ಬಿಣದ ಗಣಿಯಲ್ಲಿ ಕೆಲಸಕ್ಕಿದ್ದಳು: ಎರಡು ವಾರ ಗಣಿ, ಒಂದು ವಾರ ಮನೆ. ಹೆಲ್ಮೆಟ್ಟಿನ ಪಟ್ಟಿ ಕೂತ ಕಡೆ ಬಿಟ್ಟು ಉಳಿದ ಮುಖವೆಲ್ಲ ಬಿಸಿಲಿಗೆ ಕಂದಿತ್ತು. ಅವಳ ಅಮ್ಮ ದಾವಣಗೆರೆಯಿಂದ ವಿಡಿಯೋದಲ್ಲಿದ್ದರು. ಇಲ್ಲಿ ಬೆಳಗಿನ ಐದು ಗಂಟೆ, ಅಲ್ಲಿ ರಾತ್ರಿ ಎರಡೂವರೆ. ನಿದ್ದೆಗೆಟ್ಟ ಆ ತಾಯಿ ಕೇಳಿದ್ದು ಒಂದೇ: "ಸ್ವಲ್ಪ ಬೆಳ್ಳಗೆ ಕಾಣೋ ಹಂಗೆ ಮಾಡ್ರಿ ಮೇಡಂ, ಎಲ್ಲಾರೂ ಲೈವ್‌ನಾಗೆ ನೋಡ್ತಾರೆ."

ಬರಲಾಗದ ತಾಯಿಗೆ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಅವಳ ಬಣ್ಣಕ್ಕಿಂತ ಎರಡು ಶೇಡ್ ತಿಳಿಯಾದ ಫೌಂಡೇಶನ್ ಹಚ್ಚಿದೆ. ಮಗಳು ಏನೂ ಹೇಳಲಿಲ್ಲ. ಫೋಟೋ ಬಂದ ಮೇಲೆ ಫೋನ್ ಮಾಡಿ, "ಅಕ್ಕ, ಎಲ್ಲ ಚೆನ್ನಾಗಿದೆ. ಆದರೆ ಫೋಟೋ ನೋಡಿ ನಮ್ಮ ಸೈಟಿನವರು ಇದು ಯಾರು ಅಂತ ಕೇಳಿದರು" ಅಂದಳು. ನಕ್ಕೇ ಹೇಳಿದಳು. ನನಗೆ ನಗು ಬರಲಿಲ್ಲ. ಜೀವನದಲ್ಲಿ ಒಂದೇ ಸಲ ಬರುವ ದಿನದ ಫೋಟೋದಲ್ಲಿ ಅವಳ ಮುಖವನ್ನು ನಾನೇ ಅಳಿಸಿಬಿಟ್ಟಿದ್ದೆ. ಅಂದಿನಿಂದ ಕುತ್ತಿಗೆಯ ಬಣ್ಣ ನೋಡಿಯೇ ಫೌಂಡೇಶನ್ ಆರಿಸುತ್ತೇನೆ. ಯಾರು ಕೇಳಿದರೂ ಇದು ಬದಲಾಗುವುದಿಲ್ಲ.

ಭಾರತದಲ್ಲಿ 1975ರಲ್ಲಿ ಬಂದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಹೆಸರು ಬದಲಾಯಿತು, ನಮ್ಮ ಆಸೆ ಬದಲಾಗಲಿಲ್ಲ. ಆ ಆಸೆಗೆ ತೆರುವ ಬೆಲೆಯನ್ನು ಅಡಿಲೇಡ್‌ನಲ್ಲಿ ನೋಡಿದೆ. ನಿಶ್ಚಿತಾರ್ಥವಾದ ಹುಡುಗಿಗೆ ಊರಿಂದ ಬಂದ ಸಂಬಂಧಿಕರು ಒಂದು ಟ್ಯೂಬ್ ತಂದುಕೊಟ್ಟಿದ್ದರು. ಮೊದಲ ತಿಂಗಳು ಮುಖ ಹೊಳೆಯಿತು. ಮೂರನೇ ತಿಂಗಳಿಗೆ ಕೆಂಪು, ಉರಿ, ಮೊಡವೆ, ಕೆನ್ನೆಯ ಮೇಲೆ ಕೂದಲು. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಸ್ಟೀರಾಯ್ಡ್ ಹೆಸರಿತ್ತು. ಅದು ಚರ್ಮವನ್ನು ತೆಳ್ಳಗೆ ಮಾಡುತ್ತದೆ. ಬಿಟ್ಟರೆ ಉರಿ ಇನ್ನೂ ಹೆಚ್ಚಾಗುತ್ತದೆ. ನಾನು ಬಣ್ಣದ ಡಬ್ಬಿ ತೆರೆಯದೆ ಅವಳನ್ನು ಜಿಪಿ ಹತ್ತಿರ ಕಳಿಸಿದೆ. ಸುಧಾರಿಸಲು ತಿಂಗಳುಗಳೇ ಬೇಕಾದವು. ಮದುವೆಯ ದಿನ ಹಚ್ಚಿದ್ದು ಕಾಡಿಗೆ, ಕುಂಕುಮ, ತುಟಿಗೆ ಸ್ವಲ್ಪ ಬಣ್ಣ, ಅಷ್ಟೇ.

ಇನ್ನು ಕೆಲವು ಬಿಳುಪಿನ ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಅದು ಮೂತ್ರಪಿಂಡವನ್ನು ಕೆಡಿಸುತ್ತದೆ. ಮಿನಮಾಟಾ ಒಪ್ಪಂದದ ಪ್ರಕಾರ ಅಂಥ ಕ್ರೀಮಿನ ತಯಾರಿಕೆ, ಆಮದು, ರಫ್ತು 2020ರೊಳಗೆ ನಿಲ್ಲಬೇಕಿತ್ತು; ಆಸ್ಟ್ರೇಲಿಯಾ 2021ರಲ್ಲಿ ಆ ಒಪ್ಪಂದವನ್ನು ಅನುಮೋದಿಸಿತು. ಆದರೂ ಸೂಟ್‌ಕೇಸಿನಲ್ಲಿ ಬರುತ್ತಿದೆ. ಡಬ್ಬಿಯ ಮೇಲೆ ಏನೇನು ಹಾಕಿದ್ದಾರೆ ಎಂಬ ಪಟ್ಟಿ ಇಲ್ಲದಿದ್ದರೆ ದಯವಿಟ್ಟು ಮುಖಕ್ಕೆ ಹಚ್ಚಬೇಡಿ.

ಬ್ರಿಸ್ಬೇನ್‌ನ ಕಥೆ ಮದರಂಗಿಯದು. ಒಬ್ಬ ಹುಡುಗಿ ಹೋಟೆಲ್ ಅಡುಗೆಮನೆಯಲ್ಲಿ ಕ್ಯಾಶುಯಲ್ ಕೆಲಸಕ್ಕಿದ್ದಳು. ಸಂಬಳದ ರಜೆ ಇಲ್ಲ. ಮದುವೆಯ ಹಿಂದಿನ ರಾತ್ರಿಯವರೆಗೂ ಪಾತ್ರೆ, ಸೋಪಿನ ನೀರು. ಹೊತ್ತಿಲ್ಲವೆಂದು ಒಂದೇ ಗಂಟೆಯಲ್ಲಿ ಕಪ್ಪಾಗುವ ಕೋನ್ ತಂದಳು. ಮಾರನೆಯ ದಿನ ಧಾರೆಗೆ ಕೈ ಒಡ್ಡಿದಾಗ ತುರಿಕೆ ಶುರುವಾಗಿತ್ತು. ಆ ವಾರದಲ್ಲೇ ಗುಳ್ಳೆ ಎದ್ದವು. ನಿಜವಾದ ಮದರಂಗಿ ಮೊದಲು ಕಿತ್ತಳೆ ಬಣ್ಣ ಕೊಟ್ಟು, ಒಂದೆರಡು ದಿನದಲ್ಲಿ ಕೆಂಪಾಗಿ ಕಂದುತ್ತದೆ. ತಕ್ಷಣ ಕಪ್ಪಾದರೆ ಅದರಲ್ಲಿ ಬಹುಪಾಲು ತಲೆಕೂದಲ ಡೈಯ ಪಿಪಿಡಿ ರಾಸಾಯನಿಕ ಇರುತ್ತದೆ. ಒಮ್ಮೆ ಆ ಅಲರ್ಜಿ ಬಂದರೆ ಜೀವನಪೂರ್ತಿ ಡೈ ಹಚ್ಚಲು ಹೆದರಬೇಕಾಗುತ್ತದೆ.

ಈ ಮೂವರಲ್ಲಿ ಯಾರೂ ದಡ್ಡರಲ್ಲ. ಅವರಿಗೆ ಕಡಿಮೆಯಾಗಿದ್ದದ್ದು ಸಮಯ ಮತ್ತು ಜೊತೆಗಿರುವ ಕೈಗಳು. ಊರಲ್ಲಿ ಚಪ್ಪರ ಹಾಕಿದ ದಿನದಿಂದ ಮನೆ ತುಂಬ ಜನ. ಒಬ್ಬರು ಎಣ್ಣೆ ಹಚ್ಚುವರು, ಒಬ್ಬರು ಅರಿಶಿನ ಅರೆಯುವರು, ಒಬ್ಬರು ಹಸಿರು ಬಳೆ ತೊಡಿಸುವರು, ಇನ್ನೊಬ್ಬರು ಮೊಗ್ಗಿನ ಜಡೆ ಹೆಣೆಯುವರು. ಹುಡುಗಿ ಸುಮ್ಮನೆ ಕೂತಿರಬೇಕು. ಆ ಕೂತಿದ್ದಕ್ಕೇ ಮುಖಕ್ಕೆ ಅರ್ಧ ಕಳೆ ಬರುತ್ತಿತ್ತು. ಇಲ್ಲಿ ಅದನ್ನೆಲ್ಲ ಒಂದು ಟ್ಯೂಬಿನಿಂದ, ಒಂದು ಕೋನಿನಿಂದ ತುಂಬಲು ಹೋಗುತ್ತೇವೆ.

ಹಾಗಾಗಿ ಮದುವೆ ಗೊತ್ತಾದವರಿಗೆ ನನ್ನ ಲೆಕ್ಕ ಹೇಳುತ್ತೇನೆ. ಮೂರು ತಿಂಗಳ ಮುಂಚೆ ಸನ್‌ಸ್ಕ್ರೀನ್ ಶುರುಮಾಡಿ. ಯುವಿ ಸೂಚ್ಯಂಕ 3 ಅಥವಾ ಅದಕ್ಕಿಂತ ಹೆಚ್ಚಿರುವ ದಿನವೆಲ್ಲ ಬೇಕು. ಕಂದಿದ ಮುಖ ನಿಧಾನವಾಗಿ ತಾನೇ ತನ್ನ ಬಣ್ಣಕ್ಕೆ ಬರುತ್ತದೆ. ಕೊನೆಯ ಎರಡು ವಾರ ಹೊಸದೇನನ್ನೂ ಹಚ್ಚಬೇಡಿ. ಮೇಕಪ್ ಟ್ರಯಲ್ ಅದಕ್ಕೂ ಮುಂಚೆ ಮುಗಿಯಲಿ. ಹುಬ್ಬು ತೀಡಿಸುವುದು ಮೂರು ದಿನ ಮುಂಚೆ. ಅರಿಶಿನ ಮೊದಲು, ಮದರಂಗಿ ಆಮೇಲೆ: ಅಂಗೈಯಲ್ಲಿ ಎಣ್ಣೆ ಇದ್ದರೆ ಬಣ್ಣ ಹಿಡಿಯುವುದಿಲ್ಲ. ಮುಖಕ್ಕೆ ಅಡುಗೆಯ ಅರಿಶಿನಕ್ಕಿಂತ ಕಸ್ತೂರಿ ಅರಿಶಿನ ವಾಸಿ, ಹಳದಿ ಕಲೆ ಕಡಿಮೆ. ಮದರಂಗಿ ಎರಡು ದಿನ ಮುಂಚೆ ಹಾಕಿಸಿ, ಐದಾರು ಗಂಟೆ ಬಿಡಿ. ಬ್ರಿಸ್ಬೇನ್‌ನ ಸೆಕೆಗೆ ತೆಳು ಮೇಕಪ್; ಅಡಿಲೇಡ್‌ನ ಒಣ ಬಿಸಿಲಿಗೆ ಮೊದಲು ಮಾಯಿಶ್ಚರೈಸರ್.

ಇನ್ನು ಸಂಘದವರಲ್ಲಿ ಒಂದು ಬೇಡಿಕೆ. ನಾವು ರಾಜ್ಯೋತ್ಸವಕ್ಕೆ ಅಡುಗೆಯವರ, ಸ್ವಯಂಸೇವಕರ ಪಟ್ಟಿ ಮಾಡುತ್ತೇವೆ. ಹಾಗೆಯೇ ಪ್ರತಿ ಊರಲ್ಲಿ ಐದು ಜನರ ಪಟ್ಟಿ ಇರಲಿ. ಮದುವೆಯ ವಾರ ಒಬ್ಬರು ಹುಡುಗಿಯ ಶಿಫ್ಟ್ ಬದಲಾಯಿಸಿಕೊಳ್ಳಲಿ, ಒಬ್ಬರು ಅಡುಗೆ ಕಳಿಸಲಿ, ಮೂವರು ಅರಿಶಿನಕ್ಕೆ ಹೋಗಲಿ. ಮುತ್ತೈದೆಯರೇ ಆಗಬೇಕೆಂದು ನಾನು ಹೇಳುವುದಿಲ್ಲ. ಪ್ರೀತಿಯಿಂದ ಬರುವ ಕೈ ಸಾಕು. ಅಮ್ಮ ಫೋನಿನಲ್ಲಿದ್ದರೆ ಆ ಫೋನ್ ಹಿಡಿದು ನಿಲ್ಲಲು ಒಬ್ಬರಿರಲಿ.

ಪರ್ತ್‌ನ ಆ ಹುಡುಗಿ ಕಳೆದ ವರ್ಷ ತನ್ನ ಸೀಮಂತಕ್ಕೆ ನನ್ನನ್ನೇ ಕರೆದಳು. ಈ ಸಲ ಅವಳ ಅಮ್ಮ ಪಕ್ಕದಲ್ಲೇ ಇದ್ದರು. ನಾನು ಡಬ್ಬಿ ತೆರೆಯುವ ಮುಂಚೆಯೇ ಅವರು ಅಂದರು, "ಮೇಡಂ, ಅವಳು ಹೆಂಗಿದಾಳೋ ಹಂಗೇ ಇರಲಿ ಬಿಡ್ರಿ."