ಡಿಸ್ಕ್ ದೊಡ್ಡದಾಯ್ತು, ಜಾಗ ಮಾತ್ರ ಸಿಗಲಿಲ್ಲ

ಈ ಎಪಿಸೋಡ್ ಎರಡು ದಿನ ಲೇಟು. ಯಾಕೆ ಅಂತ ಹೇಳ್ತೀನಿ, ಲಿನಕ್ಸ್ ಬಳಸೋರಿಗೆ ಉಪಯೋಗಕ್ಕೂ ಬರುತ್ತೆ.

ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಹಿರಿಯರನ್ನ ಮಾತಾಡಿಸಿ ರೆಕಾರ್ಡ್ ಮಾಡ್ಕೊಂಡು ಬಂದಿದ್ದೆ. ಒಬ್ಬ ಅಜ್ಜಿ ರಾಗಿ ಬೀಸೋ ಪದ ಹಾಡಿದ್ರು. ಇನ್ನೊಂದ್ಸಲ ಹಾಡಿ ಅಜ್ಜಿ ಅಂದ್ರೆ, 'ಉಸ್ರು ಸಾಲಕ್ಕಿಲ್ಲ ಕಣಪ್ಪ' ಅಂದ್ಬಿಟ್ರು. ಅದನ್ನ ಲ್ಯಾಪ್‌ಟಾಪ್‌ಗೆ ಹಾಕಿ, ರೆಕಾರ್ಡರ್‌ನ ಕಾರ್ಡ್ ಖಾಲಿ ಮಾಡಿದೆ. ಎಡಿಟ್ ಮಾಡಿ ಸೇವ್ ಒತ್ತಿದ್ರೆ, ಡಿಸ್ಕ್‌ನಲ್ಲಿ ಜಾಗ ಇಲ್ಲ ಅಂತ ಬಂತು.

ಜಾಗ ಇಲ್ಲದೆ ಏನು? ತಿಂಗಳ ಹಿಂದಷ್ಟೇ 120 ಜಿಬಿ ಎಸ್‌ಎಸ್‌ಡಿ ತೆಗೆದು 480 ಜಿಬಿದು ಹಾಕಿಸಿದ್ದೆ. ಹಳೇದನ್ನ ಇದ್ದ ಹಾಗೇ ಕ್ಲೋನ್ ಮಾಡಿದ್ದೆ. ತಪ್ಪು ಇದ್ದಿದ್ದು ಅಲ್ಲೇ. 'ಎಲ್‌ಎಸ್‌ಬಿಎಲ್‌ಕೆ' ಕೊಟ್ಟು ನೋಡಿದ್ರೆ ಡಿಸ್ಕ್ 447, ಉಬುಂಟು ಇರೋ ಪಾರ್ಟಿಷನ್ 111. (480 ಹೇಗೆ 447 ಆಯ್ತು ಅಂದ್ರೆ, ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ಲಿನಕ್ಸ್ 1024ರ ಲೆಕ್ಕದಲ್ಲಿ. ಯಾರೂ ಕದ್ದಿಲ್ಲ.)

ಹೊಲದ ಥರ ಯೋಚಿಸಿ. ಪಕ್ಕದ ಜಮೀನು ತಗೊಂಡ್ರಿ, ಆದ್ರೆ ಬೇಲಿ ಹಳೇ ಜಾಗದಲ್ಲೇ ಇದೆ. ಬೇಲಿ ಅಂದ್ರೆ ಪಾರ್ಟಿಷನ್. ಒಳಗಡೆ ಉತ್ತಿರೋ ಸಾಲು ಫೈಲ್‌ಸಿಸ್ಟಮ್. ಮೊದಲು ಬೇಲಿ ಸರಿಸ್ಬೇಕು, ಆಮೇಲೆ ಉಳ್ಬೇಕು. ಜಾಗ ಕಮ್ಮಿ ಮಾಡೋದಾದ್ರೆ ಉಲ್ಟಾ, ಮೊದಲು ಬೆಳೆ ಒಳಗೆ ತರ್ಬೇಕು. ಇಲ್ದಿದ್ರೆ ಬೆಳೆ ಬೇಲಿಯಾಚೆ ಉಳಿಯುತ್ತೆ.

ಫ್ರೆಂಡ್‌ಗೆ ಫೋನ್ ಮಾಡಿದೆ. ಅವನು ಕೇಳಿದ ಮೊದಲ ಮಾತು, 'ಲೋ, ಬ್ಯಾಕಪ್ ಇದೆಯೇನೋ?' ನಾನು ಸುಮ್ಮನೆ ಕೂತೆ.

ನಾಚಿಕೆ ಆಗಿದ್ದು ಯಾಕೆ ಗೊತ್ತಾ? ಕಲ್ಯದಲ್ಲಿ 1368ರ ಶಾಸನ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ವಿಜಯನಗರದ ಬುಕ್ಕರಾಯ ರಾಜಿ ಮಾಡಿಸಿದ್ದು. ಅದೇ ರಾಜಿಯ ಶಾಸನ ಶ್ರವಣಬೆಳಗೊಳದಲ್ಲೂ ಇದೆ. ಕಲ್ಲಿಗೇ ಎರಡು ಕಾಪಿ, ಎರಡು ಊರಲ್ಲಿ! ಅದರ ಬಗ್ಗೆ ಎಪಿಸೋಡ್ ಮಾಡೋಕೆ ಹೋದವನು ನಾನು.

ಅಜ್ಜಿ ಹಾಡನ್ನ ಒಂದು ಪೆನ್‌ಡ್ರೈವ್‌ಗೆ ಹಾಕಿ, ಇನ್ನೊಂದನ್ನ ಅವನ ಕಂಪ್ಯೂಟರ್‌ಗೆ ಕಳಿಸಿದೆ. ನಮ್ಮನೆ ನೆಟ್‌ನಲ್ಲಿ ಉಳಿದ ರೆಕಾರ್ಡಿಂಗ್‌ಗಳೂ ಹೋಗಿ ಮುಗಿಯೋದಕ್ಕೇ ಎರಡು ದಿನ.

ಆಮೇಲೆ 'ಸೂಡೋ ಗ್ರೋಪಾರ್ಟ್' ಕೊಟ್ಟೆ, ಎರರ್. ಡಿಸ್ಕ್ ಹೆಸರಿಗೂ ಪಾರ್ಟಿಷನ್ ನಂಬರ್‌ಗೂ ಮಧ್ಯೆ ಒಂದು ಸ್ಪೇಸ್ ಬಿಡ್ಬೇಕು. 'ಎಸ್‌ಡಿಎ', ಸ್ಪೇಸ್, 2. ಬಿಟ್ಟ ಮೇಲೆ ಕಣ್ಣು ಮಿಟುಕಿಸೋದ್ರಲ್ಲಿ ಮುಗೀತು. 'ಡಿಎಫ್' ಕೊಟ್ಟು ನೋಡಿದ್ರೆ ಜಾಗ ಅಷ್ಟೇ! ಎದೆ ಝಲ್ ಅಂತು. ಗಾಬರಿ ಬೇಡ, ಬೇಲಿ ಮಾತ್ರ ಸರಿದಿದೆ. 'ರಿಸೈಜ್‌ಟುಎಫ್‌ಎಸ್' ಕೊಟ್ಟೆ, ಈ ಸಲ ಸ್ಪೇಸ್ ಇಲ್ಲದೆ. ಆಫ್ ಕೂಡ ಮಾಡದೆ, ಸುಮಾರು 440 ಜಿಬಿ ಬಂತು.

ಇದು ಎಕ್ಸ್ಟ್4ಗೆ. ನಿಮ್ಮದು ಎಕ್ಸ್‌ಎಫ್‌ಎಸ್ ಆದ್ರೆ ಕಮಾಂಡ್ 'ಎಕ್ಸ್‌ಎಫ್‌ಎಸ್ ಗ್ರೋಎಫ್‌ಎಸ್'. ಪಾರ್ಟಿಷನ್ ಪಕ್ಕದಲ್ಲೇ ಖಾಲಿ ಜಾಗ ಇರ್ಬೇಕು ಅನ್ನೋದನ್ನೂ ನೋಡ್ಕೊಳ್ಳಿ. ಮಧ್ಯದಲ್ಲಿ ಸ್ವಾಪ್ ಅಡ್ಡ ಕೂತಿದ್ರೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಜಿಪಾರ್ಟೆಡ್‌ನಲ್ಲಿ ಅದನ್ನ ಸರಿಸ್ಬೇಕು. ಆ ಕೆಲಸದ ಮಧ್ಯೆ ಕರೆಂಟ್ ಹೋಗಬಾರದು, ಚಾರ್ಜ್ ಫುಲ್ ಇಟ್ಕೊಳ್ಳಿ.

ಸರಿ, ಈಗ ಅಜ್ಜಿ ಪದ ಕೇಳಿ. ಶುರುವಲ್ಲಿ ಒಂದು ಕೋಳಿ ಕೂಗುತ್ತೆ, ಅದನ್ನ ಕಟ್ ಮಾಡಿಲ್ಲ.