ಹರಿಗೋಲು, ಉಪ್ಪುನೀರು, ಅಣೆಕಟ್ಟಿನ ಗೇಟು: ವಿಜ್ಞಾನ ನಮ್ಮ ಮಾತಿನಲ್ಲೇ ಇದೆ

(ಹಿರೇಹಡಗಲಿಯಲ್ಲಿ ಶಾಲಾ ಮಕ್ಕಳು, ಶಿಕ್ಷಕರು ಮತ್ತು ಪಾಲಕರ ಮುಂದೆ ಮಾಡಿದ ಭಾಷಣದ ಪಠ್ಯ)



ಇತಿಹಾಸ ಓದಿದವರಿಗೆ ಹಿರೇಹಡಗಲಿ ಎಂದೊಡನೆ ನೆನಪಾಗುವುದು ಇಲ್ಲಿ ಸಿಕ್ಕ ತಾಮ್ರಪಟಗಳು. ಪಲ್ಲವ ದೊರೆ ಶಿವಸ್ಕಂದವರ್ಮನ ಆ ದಾನಶಾಸನ ಕ್ರಿ.ಶ. 4ನೆಯ ಶತಮಾನದ್ದು. ಅದರ ಭಾಷೆ ಪ್ರಾಕೃತ. ಆಳುವವರು ಒಂದು ಭಾಷೆಯಲ್ಲಿ ಬರೆಸಿದರು, ನೆಲ ಉಳುವವರು ಇನ್ನೊಂದು ಭಾಷೆಯಲ್ಲಿ ಬದುಕಿದರು. ಮುಂದೆ ಹಲ್ಮಿಡಿಯ ಕಾಲಕ್ಕೆ ಕನ್ನಡ ಕಲ್ಲಿನ ಮೇಲೆ ಬಂತು. 12ನೆಯ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ' ಬರೆದು ಲೆಕ್ಕವನ್ನೂ ಕನ್ನಡಕ್ಕೆ ತಂದ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನೇ ಹೊರಡಿಸಿದರು. ಹಾಗಾದರೆ ಇವತ್ತು "ವಿಜ್ಞಾನ ಕನ್ನಡದಲ್ಲಿ ಬರೋದಿಲ್ರಿ" ಎನ್ನುವ ಮಾತು ಎಲ್ಲಿಂದ ಬಂತು?

ಒಂಬತ್ತನೆಯ ತರಗತಿಯ ಹುಡುಗನನ್ನು ಕೇಳಿ: ಡೆನ್ಸಿಟಿ ಅಂದರೇನು? "ಮಾಸ್ ಬೈ ವಾಲ್ಯೂಮ್" ಎಂದು ಥಟ್ಟನೆ ಹೇಳುತ್ತಾನೆ. ಸರಿ ಮಗಾ, ಕಬ್ಬಿಣದ ಮೊಳೆ ಮುಳುಗುತ್ತದೆ, ಕಬ್ಬಿಣದ ಹಡಗು ಯಾಕೆ ತೇಲುತ್ತದೆ? ಮಾತಿಲ್ಲ. ಕನ್ನಡ ಮಾಧ್ಯಮದ ಹುಡುಗನೂ "ರಾಶಿ ಭಾಗಿಸು ಗಾತ್ರ" ಎಂದು ಒಪ್ಪಿಸಿ ಅಲ್ಲೇ ನಿಲ್ಲಬಹುದು. ಬಾಯಿಪಾಠ ಯಾವ ಭಾಷೆಯಲ್ಲಿದ್ದರೂ ಬಾಯಿಪಾಠವೇ. ಆದರೆ ಕನ್ನಡದ ಮಗುವಿಗೆ ಬಾಯಿಪಾಠ ದಾಟಿ ಹೋಗಲು ದಾರಿಯಿದೆ, ಏಕೆಂದರೆ ಅದರ ಮನೆಯಲ್ಲಿ, ಹೊಲದಲ್ಲಿ, ಹೊಳೆಯಲ್ಲಿ ಈ ವಿಷಯದ ಮಾತುಗಳು ದಿನವೂ ನಡೆಯುತ್ತವೆ. ಆ ದಾರಿಯನ್ನು ಇವತ್ತು ನಾಲ್ಕು ಹೆಜ್ಜೆ ನಡೆದು ನೋಡೋಣ.

ಮೊದಲನೆಯದು ಸಾಂದ್ರತೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಅದೇ ಪಾತ್ರೆಯಲ್ಲಿ ಶೇಂಗಾ ಎಣ್ಣೆ ಹಾಕಿದರೆ ಸುಮಾರು 910 ಗ್ರಾಂ. ಪಾತ್ರೆ ಅದೇ, ತುಂಬಿದ ವಸ್ತು ಬೇರೆ, ತೂಕ ಬೇರೆ. ಸಮ ಅಳತೆಯೊಳಗೆ ಎಷ್ಟು ತೂಕ ಅಡಗಿದೆ ಎಂಬುದೇ ಸಾಂದ್ರತೆ. ಸೇರಿನಿಂದ ಅಳೆದೂ ತಕ್ಕಡಿಯಲ್ಲಿ ತೂಗಿಯೂ ಕಾಳು ಮಾರಿದ ರೈತನಿಗೆ ಇದನ್ನು ಹೇಳಿಕೊಡಬೇಕೆ? ಜೊಳ್ಳು ಜೋಳ ಸೇರಿನಲ್ಲಿ ಗೆಲ್ಲುತ್ತದೆ, ತಕ್ಕಡಿಯಲ್ಲಿ ಸೋಲುತ್ತದೆ. ಅವನು ಅರಿತದ್ದೂ ಅದೇ ಸಾಂದ್ರತೆಯೇ.

ಇಲ್ಲೊಂದು ಎಚ್ಚರ ಬೇಕು. ನಾವು ಎಣ್ಣೆಯನ್ನು 'ಮಂದ' ಅನ್ನುತ್ತೇವೆ, ನೀರನ್ನು 'ತೆಳು' ಅನ್ನುತ್ತೇವೆ. ಮಗು ಮಂದವಾದದ್ದೆಲ್ಲ ಭಾರ ಎಂದು ತಿಳಿಯುತ್ತದೆ. ಆದರೆ ಎಣ್ಣೆ ನೀರಿನ ಮೇಲೆ ತೇಲುತ್ತದೆ! ಮಂದ ಎಂಬುದು ಹರಿಯುವ ಗುಣದ ಮಾತು, ಸಾಂದ್ರತೆ ತೂಕ ಮತ್ತು ಗಾತ್ರದ ಮಾತು. ಇಂಥ ಗೊಂದಲ ಎಲ್ಲ ಭಾಷೆಯ ಮಕ್ಕಳಿಗೂ ಆಗುತ್ತದೆ. ಗೊಂದಲ ಯಾವ ಮಾತಿನಲ್ಲಿ ಹುಟ್ಟಿತೋ ಅದೇ ಮಾತಿನಲ್ಲಿ ಅದನ್ನು ಬಿಡಿಸಬೇಕು. ಪರಭಾಷೆಯ ಸೂತ್ರ ಮೇಲೆ ಹೊದಿಸಿದರೆ ಗೊಂದಲ ಒಳಗೇ ಉಳಿಯುತ್ತದೆ.

ಎರಡನೆಯದು ತೇಲುವಿಕೆ. ಪುಸ್ತಕದಲ್ಲಿ ಇದಕ್ಕೆ 'ಪ್ಲವನತೆ' ಎಂಬ ಹೆಸರೂ ಇದೆ. ಈ ಸೀಮೆಯ ಹೂವು ಹಿಂದೆ ತುಂಗಭದ್ರೆಯ ಮೇಲೆ ತೇಲಿ ಹಂಪಿಗೆ ಹೋಗುತ್ತಿತ್ತು, ಹಡಗಿನಿಂದಲೇ ಹೂವಿನಹಡಗಲಿಯ ಹೆಸರು ಎಂದು ಜನ ಹೇಳುತ್ತಾರೆ. ಹಡಗಿನ ಮಾತು ಬಿಡಿ, ಹರಿಗೋಲು ನಮ್ಮ ಕಣ್ಣಮುಂದೆಯೇ ಇದೆ. ಬಿದಿರಿನ ಬುಟ್ಟಿ ತೇಲುವುದು ಹೇಗೆ? ಮುಳುಗಿದ ಭಾಗ ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆಯೋ ಅಷ್ಟು ನೀರಿನ ತೂಕಕ್ಕೆ ಸಮನಾದ ಬಲದಿಂದ ಹೊಳೆ ಅದನ್ನು ಮೇಲಕ್ಕೆ ನೂಕುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಆರ್ಕಿಮಿಡೀಸ್ ಹೇಳಿದ್ದು ಇಷ್ಟೇ.

ಲೆಕ್ಕ ಮಾಡೋಣ. ಎರಡೂವರೆ ಮೀಟರ್ ಅಡ್ಡಳತೆಯ, ಚಪ್ಪಟೆ ತಳದ ಹರಿಗೋಲು ಎಂದುಕೊಳ್ಳಿ. ತಳದ ವಿಸ್ತೀರ್ಣ ಸುಮಾರು 4.9 ಚದರ ಮೀಟರ್. ಅಂದರೆ ಒಂದು ಸೆಂಟಿಮೀಟರ್ ಕೆಳಗಿಳಿದರೆ 49 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ, 49 ಕಿಲೋ ಎತ್ತುವ ಬಲ ಹುಟ್ಟುತ್ತದೆ. ಐವತ್ತು ಕಿಲೋದ ಒಬ್ಬ ಆಳು ಹತ್ತಿದರೆ ಹರಿಗೋಲು ಸುಮಾರು ಒಂದು ಸೆಂಟಿಮೀಟರ್ ಇಳಿಯುತ್ತದೆ. ಹತ್ತು ಜನಕ್ಕೆ ಹತ್ತು ಸೆಂಟಿಮೀಟರ್. "ಇನ್ನೂ ಇಬ್ಬರು ಹತ್ರಿ, ಏನೂ ಆಗಲ್ಲ" ಎನ್ನುವವನಿಗೆ ಈ ಲೆಕ್ಕ ಗೊತ್ತಿರಬೇಕು. ಎಲ್ಲರೂ ಒಂದೇ ಬದಿಗೆ ವಾಲಿದರೆ ಆ ಬದಿಯ ಅಂಚು ಇನ್ನೂ ಬೇಗ ನೀರಿಗೆ ಸಮವಾಗುತ್ತದೆ. ಒಳಗೆ ನೀರು ಬಂದರೆ ಬುಟ್ಟಿಯಲ್ಲಿದ್ದ ಗಾಳಿಯ ಜಾಗ ನೀರಿನದಾಗುತ್ತದೆ, ತೇಲುವ ಶಕ್ತಿ ಹೋಗುತ್ತದೆ. ಕಬ್ಬಿಣದ ಹಡಗಿನ ಗುಟ್ಟೂ ಇದೇ: ಒಳಗಿನ ಗಾಳಿಯನ್ನೂ ಸೇರಿಸಿ ನೋಡಿದರೆ ಅದರ ಸಾಂದ್ರತೆ ನೀರಿಗಿಂತ ಕಡಿಮೆ. ಮೈಲಾರದ ಜಾತ್ರೆಗೆ, ಕುರುವತ್ತಿಗೆ ಬಂದು ಹೊಳೆಗಿಳಿಯುವವರ ಜೀವ ಈ ತಿಳಿವಳಿಕೆಯಿಂದ ಉಳಿಯಬಹುದು.

ಮೂರನೆಯದು ಒತ್ತಡ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟನ್ನು ತುಂಡು ತುಂಡಾಗಿ ಇಳಿಸಿ, ಒಂದು ವಾರದಲ್ಲಿ ಮುಚ್ಚಲಾಯಿತು. ಆ ಗೇಟು 60 ಅಡಿ ಅಗಲ, 20 ಅಡಿ ಎತ್ತರ. ತುಂಬಿದಾಗ ಅದರ ಮೇಲೆ ನೀರು ಎಷ್ಟು ಬಲ ಹಾಕುತ್ತದೆ?

ನೀರಿನ ಒತ್ತಡ ಆಳದೊಂದಿಗೆ ಏರುತ್ತದೆ. ಒಂದು ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿಗೆ ಒಂದು ಟನ್, ಎರಡು ಮೀಟರಿನಲ್ಲಿ ಎರಡು ಟನ್. ಗೇಟಿನ ಎತ್ತರ 6.1 ಮೀಟರ್, ಸರಾಸರಿ ಆಳ ಅದರ ಅರ್ಧ, ಅಂದರೆ 3.05 ಮೀಟರ್. ಗೇಟಿನ ವಿಸ್ತೀರ್ಣ ಸುಮಾರು 112 ಚದರ ಮೀಟರ್. ಗುಣಿಸಿದರೆ ಸುಮಾರು 340 ಟನ್! ಅಂಥ ಗೇಟುಗಳು ಅಲ್ಲಿ 33.

ಇದರಲ್ಲಿ ಒಂದು ಅಚ್ಚರಿ ಇದೆ. ಹಿನ್ನೀರು ನಮ್ಮ ಹಡಗಲಿ ತಾಲ್ಲೂಕಿನವರೆಗೂ ಹರಡುತ್ತದೆ. ಆದರೆ ಗೇಟಿನ ಲೆಕ್ಕದಲ್ಲಿ ಆ ಹರವು ಎಲ್ಲೂ ಬರಲಿಲ್ಲ! ಒತ್ತಡಕ್ಕೆ ಬೇಕಾದದ್ದು ಆಳ, ಹರವು ಅಲ್ಲ. ಅದಕ್ಕೇ ಅಣೆಕಟ್ಟಿನ ಗೋಡೆ ತಳದಲ್ಲಿ ದಪ್ಪ, ಮೇಲೆ ತೆಳು. ಅದಕ್ಕೇ ಊರಿನ ನೀರಿನ ಟಾಕಿಯನ್ನು ಎತ್ತರದಲ್ಲಿ ಕಟ್ಟುತ್ತಾರೆ. ಟಾಕಿಯನ್ನು ಅಗಲ ಮಾಡಿದರೆ ನೀರು ಹೆಚ್ಚು ಹಿಡಿಯುತ್ತದೆ, ನಲ್ಲಿಯ ರಭಸ ಹೆಚ್ಚುವುದಿಲ್ಲ. ದಿಬ್ಬದ ಓಣಿಗೆ ನೀರು ಏರುತ್ತಿಲ್ಲ ಎಂದು ಪಂಚಾಯಿತಿಯಲ್ಲಿ ಕೇಳುವಾಗ ಈ ಮಾತು ನಿಮ್ಮ ಬಾಯಲ್ಲಿರಲಿ.

ನಾಲ್ಕನೆಯದು ಸಾರತೆ. ದ್ರಾವಣದಲ್ಲಿ ಕರಗಿದ ವಸ್ತು ಎಷ್ಟಿದೆ ಎಂಬುದರ ಅಳತೆ. ಮನೆಯಲ್ಲೇ ಮಾಡಿ ನೋಡಿ. ಪಾತ್ರೆಯ ನೀರಿಗೆ ತಾಜಾ ಕೋಳಿಮೊಟ್ಟೆ ಹಾಕಿ, ಮುಳುಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಉಪ್ಪು ಕರಗಿಸುತ್ತ ಹೋಗಿ. ಉಪ್ಪು ಕರಗಿದಂತೆ ತೂಕ ಹೆಚ್ಚಿದಷ್ಟು ನೀರಿನ ಗಾತ್ರ ಹೆಚ್ಚುವುದಿಲ್ಲ, ಹೀಗಾಗಿ ಸಾಂದ್ರತೆ ಏರುತ್ತದೆ, ಮೊಟ್ಟೆ ಮೇಲೆ ಬರುತ್ತದೆ. ಭತ್ತದ ಬೀಜ ಆರಿಸುವವರು ಮಾಡುವುದೂ ಇದೇ: ಮೊಟ್ಟೆ ತೇಲುವ ಉಪ್ಪುನೀರಿಗೆ ಬೀಜ ಸುರಿದರೆ ಜೊಳ್ಳು ತೇಲುತ್ತದೆ, ಗಟ್ಟಿಕಾಳು ತಳ ಸೇರುತ್ತದೆ. ಗಟ್ಟಿಕಾಳನ್ನು ಸಿಹಿನೀರಿನಲ್ಲಿ ತೊಳೆದು ಬಿತ್ತುತ್ತಾರೆ.

ಹಾಲಿನ ಡೈರಿಯಲ್ಲಿ ಡಿಗ್ರಿ ನೋಡುವ ಗಾಜಿನ ಕೊಳವೆಯೂ ಸಾಂದ್ರತೆಯನ್ನೇ ಹೇಳುತ್ತದೆ. ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತದೆ. ಕೆನೆ ತೆಗೆದರೆ ಏರುತ್ತದೆ, ಏಕೆಂದರೆ ಕೊಬ್ಬು ಹಗುರ. ಎರಡನ್ನೂ ಮಾಡಿದವನ ಹಾಲು ಆ ಕೊಳವೆಗೆ ಒಳ್ಳೆಯ ಹಾಲಿನಂತೆಯೇ ಕಾಣಬಹುದು! ಅದಕ್ಕೇ ಕೊಬ್ಬಿನ ಪರೀಕ್ಷೆಯನ್ನು ಬೇರೆಯಾಗಿ ಮಾಡುತ್ತಾರೆ.

ಈಗ ಅಸಲು ಮಾತಿಗೆ ಬರುತ್ತೇನೆ. ಬಳ್ಳಾರಿ, ವಿಜಯನಗರ ಸೀಮೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟುತ್ತವೆ, ಮೂಳೆ ಪೆಡಸಾಗುತ್ತದೆ. ನಮ್ಮ ಪತ್ರಿಕೆಗಳೂ ವರದಿಗಳೂ ಇದನ್ನು "ಫ್ಲೋರೈಡ್ ಸಾಂದ್ರತೆ" ಎಂದು ಬರೆಯುತ್ತವೆ. ಶಾಲೆಯಲ್ಲಿ ಸಾಂದ್ರತೆ ಎಂದರೆ ತೂಕ ಮತ್ತು ಗಾತ್ರ ಎಂದು ಕಲಿತ ಮಗು ಏನು ತಿಳಿಯಬೇಕು? ಆ ನೀರು ಭಾರವಾಗಿರುತ್ತದೆ ಎಂದೇ? ಲೀಟರಿಗೆ ಮೂರು ಮಿಲಿಗ್ರಾಂ ಅಂದರೆ ಹತ್ತು ಲಕ್ಷದಲ್ಲಿ ಮೂರು ಪಾಲು. ಮೊಟ್ಟೆ ತೇಲದು, ಡೈರಿಯ ಕೊಳವೆಗೆ ಗೊತ್ತಾಗದು, ಕಣ್ಣಿಗೆ ಕಾಣದು, ನಾಲಿಗೆಗೆ ಹತ್ತದು. ಪ್ರಯೋಗಶಾಲೆಯ ಪರೀಕ್ಷೆಯೇ ಬೇಕು.

"ಕುದಿಸಿ ಕುಡೀರಿ, ಎಲ್ಲಾ ಹೋಗ್ತದ" ಎಂಬ ಸಲಹೆ ಇಲ್ಲಿ ನಡೆಯುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಲೀಟರಿಗೆ 2 ಮಿಲಿಗ್ರಾಂ ಇರುವ ಎರಡು ಲೀಟರ್ ನೀರನ್ನು ಕುದಿಸಿ ಒಂದು ಲೀಟರಿಗೆ ಇಳಿಸಿದರೆ ಅದರಲ್ಲಿ 4 ಮಿಲಿಗ್ರಾಂ ಉಳಿಯುತ್ತದೆ. ನೀರು ಹಬೆಯಾಗಿ ಹೋಯಿತು, ಫ್ಲೋರೈಡ್ ಪಾತ್ರೆಯಲ್ಲೇ ಕೂತಿತು. ಸಾರು ಕುದಿಸಿದಷ್ಟೂ ಉಪ್ಪಾಗುವುದನ್ನು ಬಲ್ಲ ತಾಯಂದಿರಿಗೆ ಇದು ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ. ಹಾಗಾದರೆ ಆ ಮಾತನ್ನು ಅವರಿಗೆ ಹೇಳುವವರು ಯಾರು?

ಬಂಧುಗಳೇ, ಭಾಷೆಯ ಹಕ್ಕು ಎಂದರೆ ಅಂಗಡಿಯ ಬೋರ್ಡು ಮಾತ್ರವಲ್ಲ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. ಆದರೆ ಕನ್ನಡದಲ್ಲಿ ಚೆನ್ನಾಗಿ ಕಲಿಸಬೇಡಿ ಎಂದು ಯಾವ ಕೋರ್ಟೂ ಹೇಳಿಲ್ಲ. ಆ ಕೆಲಸ ನಮ್ಮದು.

ಮಾಸ್ತರುಗಳೇ, ಸಾಂದ್ರತೆಗೆ ಸಾಂದ್ರತೆ ಎನ್ನಿ, ಕರಗಿದ ಪ್ರಮಾಣಕ್ಕೆ ಸಾರತೆ ಎನ್ನಿ, ಎರಡನ್ನೂ ಕಲಸಬೇಡಿ. ಹೊಸ ಶಬ್ದ ಹೇಳುವ ಮೊದಲು ತಕ್ಕಡಿ, ಬಕೆಟ್ಟು, ಮೊಟ್ಟೆ ಮುಂದಿಡಿ. ಪಾಲಕರೇ, ಮಗು ಇಂಗ್ಲಿಷಿನಲ್ಲಿ ಸೂತ್ರ ಒಪ್ಪಿಸಿದರೆ ಹಿಗ್ಗಬೇಡಿ, "ಹಂಗಂದ್ರೇನಪ್ಪಾ, ನನಗೂ ತಿಳಿಸು" ಎಂದು ಕೇಳಿ. ಮಕ್ಕಳೇ, ನಿಮ್ಮ ಓಣಿಯ ಕೊಳವೆಬಾವಿಯ ನೀರಿನ ಪರೀಕ್ಷೆ ಯಾವಾಗ ಆಯಿತು, ಫ್ಲೋರೈಡ್ ಎಷ್ಟು ಬಂತು ಎಂದು ಪಂಚಾಯಿತಿಗೆ ಕನ್ನಡದಲ್ಲೇ ಅರ್ಜಿ ಬರೆಯಿರಿ. ಉತ್ತರವನ್ನು ಕನ್ನಡದಲ್ಲೇ ಕೇಳಿ, ಅಂಕಿಯ ಸಮೇತ ಕೇಳಿ. ಉತ್ತರ ಬಂದ ದಿನ ಆ ಕಾಗದವನ್ನು ಶಾಲೆಯ ಗೋಡೆಗೆ ಅಂಟಿಸಿ, ಊರೆಲ್ಲ ಓದಲಿ.